ಕಣದಲ್ಲಿ ಮಳೆ: ಚಿತ್ರಕಥೆಯಲ್ಲಿ ಮನಸ್ಸನ್ನು ಕಾಣಿಸುವ ಬಗೆ

ಚಿತ್ರಕಥೆಯ ಹೊರರೂಪವನ್ನು ಕಲಿಯಲು ಒಂದು ಸಂಜೆ ಸಾಕು. ಪ್ರತಿ ದೃಶ್ಯದ ತಲೆಯಲ್ಲಿ ಒಳಾಂಗಣವೋ ಹೊರಾಂಗಣವೋ, ಯಾವ ಜಾಗ, ಹಗಲೋ ರಾತ್ರಿಯೋ ಎಂದು ನಮೂದಿಸಬೇಕು. ಕ್ರಿಯೆಯನ್ನು ವರ್ತಮಾನ ಕಾಲದಲ್ಲಿ ಬರೆಯಬೇಕು. ಒಂದು ಪುಟ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂಬ ಲೆಕ್ಕ ಇಂಗ್ಲಿಷಿನ ಕೊರಿಯರ್ ಎಂಬ ಅಕ್ಷರಶೈಲಿಯ 12 ಪಾಯಿಂಟ್ ಗಾತ್ರಕ್ಕೆ ಹೊಂದಿಕೊಂಡದ್ದು. ಕನ್ನಡದಲ್ಲಿ ಬರೆಯುವವರು ದೃಶ್ಯವನ್ನು ಗಟ್ಟಿಯಾಗಿ ಓದಿ ಗಡಿಯಾರ ನೋಡಿಕೊಳ್ಳುವುದೇ ಲೇಸು.

ನಾನು ಮೂರು ತಿಂಗಳು ತಡವರಿಸಿದ್ದು, ಕಾಣದ್ದನ್ನೂ ಕೇಳಿಸದ್ದನ್ನೂ ಬರೆಯಬಾರದೆಂಬ ನಿಯಮದಲ್ಲಿ. ನನ್ನ ಕಥೆ ಸೋಮವಾರಪೇಟೆ ಕಡೆಯ ಒಂದು ಕಾಫಿ ತೋಟದ್ದು. ಮಗ ತೋಟ ಮಾರಲು ಹೊರಟಿದ್ದಾನೆ. ‘ಮೂವತ್ತು ವರ್ಷ ಬೆವರು ಸುರಿಸಿದ ತೋಟ ಕೈತಪ್ಪುವುದೆಂದು ತಿಳಿದು ಅಪ್ಪನ ಎದೆ ಒಡೆಯುತ್ತದೆ’ ಎಂದು ಮೊದಲು ಬರೆದಿದ್ದೆ. ಕ್ಯಾಮೆರಾಕ್ಕೆ ಇಲ್ಲಿ ಸಿಗುವುದು ಸುಮ್ಮನೆ ಕುಳಿತ ಒಬ್ಬ ಮುದುಕ ಮಾತ್ರ. ಆಮೇಲೆ ಆ ದುಃಖವನ್ನೆಲ್ಲ ನೆರೆಯವರ ಮುಂದೆ ಹೇಳಿಸಿ ಒಂದೂವರೆ ಪುಟ ಮಾತು ತುಂಬಿಸಿದೆ. ನಿಯಮವೇನೋ ಉಳಿಯಿತು, ಆದರೆ ಅಪ್ಪ ಕೆಟ್ಟರು; ಅವರು ಅಷ್ಟು ಮಾತಾಡುವ ಮನುಷ್ಯರಲ್ಲ.

ಮೂರನೆಯ ಸಲ ಹೀಗೆ ಬರೆದೆ. ಜನವರಿಯ ಮಧ್ಯಾಹ್ನ, ಕಣದ ತುಂಬ ಕಾಫಿ ಒಣಗಲು ಹರಡಿದೆ, ಅಕಾಲದ ಮೋಡ ಕವಿಯುತ್ತದೆ. ತೋಟದ ಲೆಕ್ಕ ನೋಡಿಕೊಳ್ಳುವ ರೈಟರ್ ಟಾರ್ಪಾಲು ತರುವಂತೆ ಕೂಗುತ್ತ ಓಡುತ್ತಾನೆ, ಕೂಲಿಯವರ ಲೈನ್ ಮನೆಯ ಹೆಂಗಸರು ಕಾಫಿಯನ್ನು ರಾಶಿಗೆ ಎಳೆಯುತ್ತಾರೆ. ಅಪ್ಪ ಜಗಲಿಯಿಂದ ಏಳುವುದಿಲ್ಲ.

ಇದನ್ನು ಓದಿದ ಗೆಳೆಯ, ‘ಅವರಿಗೆ ಕಾಲುನೋವೇ?’ ಎಂದು ಕೇಳಿದ. ಆ ಪ್ರಶ್ನೆಯಿಂದಲೇ ನನಗೆ ವಿಷಯ ತಿಳಿದದ್ದು. ಒಬ್ಬ ಮನುಷ್ಯ ಏಳದಿರುವುದಕ್ಕೆ ತನ್ನಷ್ಟಕ್ಕೆ ಅರ್ಥವಿಲ್ಲ. ಅವನು ಎಂದೂ ಏಳದೆ ಇದ್ದವನಲ್ಲ ಎಂಬುದನ್ನು ಪ್ರೇಕ್ಷಕ ಮೊದಲೇ ಕಂಡಿದ್ದರೆ ಮಾತ್ರ ಅರ್ಥ ಹುಟ್ಟುತ್ತದೆ. ಆದ್ದರಿಂದ ಇಪ್ಪತ್ತು ಪುಟ ಹಿಂದಕ್ಕೆ ಹೋಗಿ ಒಂದು ಚಿಕ್ಕ ದೃಶ್ಯ ಸೇರಿಸಿದೆ: ಗುಡುಗು ಕೇಳಿದೊಡನೆ ಅಪ್ಪ ಅರ್ಧ ಊಟ ಬಿಟ್ಟು, ಎಂಜಲು ಕೈಯಲ್ಲಿ, ಬರಿಗಾಲಿನಲ್ಲಿ ಕಣಕ್ಕೆ ಓಡುತ್ತಾರೆ. ಆ ಒಂದು ದೃಶ್ಯ ಬಂದ ಮೇಲೆ ನೆರೆಯವರೊಂದಿಗಿನ ಮಾತನ್ನೆಲ್ಲ ಹೊಡೆದುಹಾಕಿದೆ, ಕಥೆಗೆ ಏನೂ ಕೊರತೆಯಾಗಲಿಲ್ಲ. ಈಗ ಪ್ರತಿ ಭಾವದ ದೃಶ್ಯಕ್ಕೂ ನಾನು ಇದನ್ನೇ ಮಾಡುತ್ತೇನೆ: ಪಾತ್ರದ ಒಂದು ರೂಢಿಯನ್ನು ಹಿಡಿದು, ಮೊದಲು ಅದನ್ನು ತೋರಿಸಿ, ಬಳಿಕ ಮುರಿಯುತ್ತೇನೆ.

ಚಿತ್ರರಂಗದವರ ಕಣ್ಣಿಗೆ ಬೀಳುವ ವಿಚಾರದಲ್ಲೂ ಇದು ಒದಗಿತು. ಗಾಂಧಿನಗರದಲ್ಲಿ ಕಥೆ ಓದುವವರಿಗಿಂತ ಕೇಳುವವರು ಹೆಚ್ಚು. ಮಡಿಕೇರಿಯಿಂದ ರಾತ್ರಿ ಬಸ್ಸು ಹಿಡಿದು ಹೋಗಿ ಒಬ್ಬ ಸಹನಿರ್ದೇಶಕರ ಮುಂದೆ ತೋಟದ ಇತಿಹಾಸದಿಂದ ಆರಂಭಿಸಿದಾಗ ಅವರು ಐದೇ ನಿಮಿಷದಲ್ಲಿ, ‘ಅಪ್ಪ ಏನು ಮಾಡ್ತಾರೆ, ಅದನ್ನ ಹೇಳಿ’ ಎಂದರು. ಈಗ ಕಣದ ಎರಡು ದೃಶ್ಯಗಳಿಂದಲೇ ಹೇಳತೊಡಗುತ್ತೇನೆ. ಕೈಯಲ್ಲಿ ಒಂದು ಪುಟದ ಸಾರಾಂಶವಿರುತ್ತದೆ.

ಹೇಳುವ ಮೊದಲು ಪೂರ್ತಿ ಬರೆದಿಡಿ. ಬರಿಯ ಕಲ್ಪನೆಗೆ ಕೃತಿಸ್ವಾಮ್ಯವಿಲ್ಲ, ಅದನ್ನು ಮೂಡಿಸಿದ ರೂಪಕ್ಕೆ ಮಾತ್ರ ಉಂಟು ಎಂದು ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ. ಬರೆದ ಕೃತಿಗೆ ಹಕ್ಕು ತಾನಾಗಿ ಬರುತ್ತದೆ. ಆದರೂ ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನಲ್ಲಿ ಸದಸ್ಯರಾಗಿ ಆನ್‌ಲೈನಿನಲ್ಲೇ ನೋಂದಾಯಿಸಿದರೆ ಆ ದಿನಾಂಕಕ್ಕೆ ಸಾಕ್ಷಿಯೊಂದು ಉಳಿಯುತ್ತದೆ. ತಿದ್ದಿ ಬರೆದ ಪ್ರತಿಯನ್ನು ಮತ್ತೆ ಬೇರೆಯಾಗಿ ನೋಂದಾಯಿಸಿಕೊಳ್ಳಿ.