ಬ್ಲ್ಯಾಕ್ ಲೋಕಸ್ಟ್ ನೆಟ್ಟರೆ ಯೂರಿಯಾ ಬೇಡ್ವಾ?

ಪ್ರಶ್ನೆ: ಸರ್, ಸೋಮವಾರಪೇಟೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಅಮೆರಿಕದವರ ವಿಡಿಯೊದಲ್ಲಿ ಬ್ಲ್ಯಾಕ್ ಲೋಕಸ್ಟ್ ಮರ ನೋಡಿದೆ. ಬೇಲಿ ಕಂಬಕ್ಕೂ ಆಗುತ್ತೆ, ಗಾಳಿಯಿಂದ ಸಾರಜನಕ ಎಳೆದು ಪಕ್ಕದ ಗಿಡಕ್ಕೂ ಕೊಡುತ್ತೆ, ಯೂರಿಯಾ ಖರ್ಚೇ ಇಲ್ಲ ಅಂತಾರೆ. ಬೀಜ ತರಿಸಲಾ?

ತರಿಸಬೇಡಿ. ಮಳೆಗಾಲ ಹತ್ತಿರ ಬಂದರೆ ಸಾಕು, ಮರದ ಹೆಸರು ಬದಲಾಯಿಸಿಕೊಂಡು ಇದೇ ಪ್ರಶ್ನೆ ಬರುತ್ತದೆ.

ಮರ ಕೆಟ್ಟದ್ದೇನಲ್ಲ. ಅದರ ತವರು ಅಮೆರಿಕದ ಅಪಲೇಷಿಯನ್ ಬೆಟ್ಟಗಳ ಕಡೆ. ಕಂಬ ಮಣ್ಣಲ್ಲಿ ದಶಕಗಟ್ಟಲೆ ಕೊಳೆಯುವುದಿಲ್ಲ, ಅದು ನಿಜ. ಹಂಗೇರಿಯ ಹೆಸರಾಂತ ಅಕೇಶಿಯಾ ಜೇನು ಇದೇ ಮರದ ಹೂವಿನದ್ದು. ಆದರೆ ತೊಗಟೆ, ಎಲೆ, ಬೀಜ ಎಲ್ಲವೂ ವಿಷ. ಕುದುರೆ ತೊಗಟೆ ತಿಂದರೆ ಜೀವಕ್ಕೇ ಸಂಚಕಾರ. ಕಡಿದರೆ ಬೇರಿನಿಂದ ಸುತ್ತಲೂ ಮುಳ್ಳಿನ ಸಸಿ ಏಳುತ್ತದೆ. ಯುರೋಪಿನ ಎಷ್ಟೋ ಕಡೆ ಅದನ್ನು ಕಿತ್ತು ಮುಗಿಸಲು ಆಗುತ್ತಿಲ್ಲ. ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವ ಮರ ಅದು; ನಮ್ಮ ದೇಶದಲ್ಲಿ ಹಿಮಾಚಲ, ಕಾಶ್ಮೀರದ ಕಡೆ ಒಗ್ಗಿದೆ. ಅದಕ್ಕೆ ಪೂರ್ತಿ ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ಜುಲೈಯಲ್ಲಿ ನಮ್ಮ ತೋಟ ಹೇಗಿರುತ್ತದೆ ಅಂತ ನಾನು ಹೇಳಬೇಕಾ? ಹೊರದೇಶದ ಬೀಜ ತರಿಸಲು 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಪರವಾನಗಿಯೂ ಬೇಕು.

ಈಗ ಯೂರಿಯಾ ಕಥೆಗೆ ಬರೋಣ. ಗಾಳಿಯ ಸಾರಜನಕ ಹಿಡಿಯುವುದು ಮರ ಅಲ್ಲ, ಅದರ ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾ. ಅವು ಮರಕ್ಕೆ ಸಾರಜನಕ ಕೊಡುತ್ತವೆ, ಮರ ಅವಕ್ಕೆ ಸಕ್ಕರೆ ಕೊಡುತ್ತದೆ. ವ್ಯವಹಾರ ಬಹುಪಾಲು ಅವರಿಬ್ಬರ ಮಧ್ಯೆಯೇ ಮುಗಿಯುತ್ತದೆ. ಸಿಕ್ಕಿದ್ದೆಲ್ಲ ಮರದ ಎಲೆ, ಎಳೆ ಕೊಂಬೆ, ಬೇರಿನಲ್ಲಿ ಕೂತಿರುತ್ತದೆ. ಎಲೆ ಬಿದ್ದು ಕೊಳೆತರೆ, ಕೊಂಬೆ ಕಡಿದ ಮೇಲೆ ಸಣ್ಣ ಬೇರುಗಳು ಸತ್ತರೆ, ಆಗ ಕಾಫಿಗೆ ಪಾಲು. ನಮ್ಮ ಕಾಫಿ ತೋಟಗಳಲ್ಲಿ ನೆರಳಿಗೆ ನೆಡುವ ಹಾಲುವಾಣವೂ ಸಾರಜನಕ ಹಿಡಿಯುವ ಮರವೇ. ಹಾಗಾಗಿ ಮರಗಸಿ ಮಾಡಿದಾಗ, ಅಂದರೆ ನೆರಳಿನ ಮರದ ಕೊಂಬೆ ಸವರಿದಾಗ, ಅದರ ಸೊಪ್ಪನ್ನು ಕಾಫಿ ಬುಡದಲ್ಲೇ ಬಿಡಬೇಕು. ಸೊಪ್ಪನ್ನೆಲ್ಲ ಕೊಟ್ಟಿಗೆಗೆ ಹೊತ್ತುಕೊಂಡು ಹೋಗಿ, "ಸಾರಜನಕದ ಮರ ಇದ್ರೂ ಗಿಡ ಹಳದಿ ಆಗಿದೆ" ಅಂದರೆ ಏನು ಹೇಳಲಿ!

ನಂಬಿಕೆ ಬರದಿದ್ದರೆ ಯಾವುದಾದರೂ ಅಕೇಶಿಯಾ ನೆಡುತೋಪಿನೊಳಗೆ ಹೋಗಿ ನೋಡಿ (ಆ ಜೇನಿನ ಮರವಲ್ಲ, ಇದು ಬೇರೆ). ಅದೂ ಸಾರಜನಕ ಹಿಡಿಯುವ ಮರವೇ. ಕೆಳಗೆ ಏನು ಬೆಳೆದಿದೆ? ಬೇಗ ಕೊಳೆಯದ ಒಣ ಎಲೆ ದಪ್ಪಗೆ ಬಿದ್ದಿರುತ್ತದೆ, ಅಷ್ಟೇ.

ನಿಮ್ಮ ಹಾಲುವಾಣ ಕೆಲಸ ಮಾಡುತ್ತಿದೆಯಾ ಅಂತ ನೀವೇ ನೋಡಬಹುದು. ಮಣ್ಣು ಹಸಿ ಇರುವಾಗ ಮೆಲ್ಲಗೆ ಕೆದಕಿ, ಎಳೆ ಬೇರು ಹಿಡಿದು, ಗಂಟೊಂದನ್ನು ಉಗುರಲ್ಲಿ ಸೀಳಿ. ಒಳಗೆ ನಸುಗೆಂಪು ಇದ್ದರೆ ಕೆಲಸ ನಡೆಯುತ್ತಿದೆ. ಹಸಿರೋ ಕಂದೋ ಆಗಿದ್ದರೆ ನಿಂತಿದೆ. ಯೂರಿಯಾ ಜಾಸ್ತಿ ಸುರಿದ ಕಡೆ ಗಂಟೇ ಕಡಿಮೆ; ಪುಕ್ಕಟೆ ಸಿಗುವಾಗ ಮರ ಯಾಕೆ ಬ್ಯಾಕ್ಟೀರಿಯಾ ಸಾಕುತ್ತದೆ? ಇನ್ನು ಪೊಟ್ಯಾಷ್. ಕಾಫಿ ಹಣ್ಣಿನ ಜೊತೆ ಅದೂ ಮೂಟೆಯಲ್ಲಿ ತೋಟದಿಂದ ಹೊರಟುಹೋಗುತ್ತದೆ. ಅದನ್ನು ಯಾವ ಮರವೂ ಗಾಳಿಯಿಂದ ತರುವುದಿಲ್ಲ. ಸುಮ್ನೆ ಒಮ್ಮೆ ಮಣ್ಣು ಪರೀಕ್ಷೆ ಮಾಡಿಸಿ.

ಬೇಲಿಗೆ ಗ್ಲಿರಿಸಿಡಿಯಾ ಗೂಟ ಸಾಕು. ಮಳೆ ಹಿಡಿಯುವ ಹೊತ್ತಿಗೆ ಬಲಿತ ಕೊಂಬೆ ಕಡಿದು ನೆಟ್ಟರೆ ಚಿಗುರುತ್ತದೆ. ವರ್ಷವೂ ಸೊಪ್ಪು ಸವರಬಹುದು.

ನೀವು ಕೇಳಲಿಲ್ಲ, ಆದರೂ ಸಿಲ್ವರ್ ಓಕ್ ಬಗ್ಗೆ ಹೇಳಿಬಿಡುತ್ತೇನೆ. ಅದೂ ನೆರಳಿನ ಮರ, ಹಾಗಾಗಿ ಅದೂ ಸಾರಜನಕ ಕೊಡುತ್ತೆ ಅಂತ ಕೆಲವರು ಅಂದುಕೊಂಡಿದ್ದಾರೆ. ಇಲ್ಲ. ಆಸ್ಟ್ರೇಲಿಯಾದಿಂದ ಬಂದ ಆ ಮರ ಅವರೆ, ತೊಗರಿಯಂಥ ದ್ವಿದಳ ಧಾನ್ಯಗಳ ಕುಟುಂಬದ್ದೇ ಅಲ್ಲ. ಬೇರಲ್ಲಿ ಒತ್ತೊತ್ತಾಗಿ ಕಾಣುವ ಸಣ್ಣ ಬೇರಿನ ಗೊಂಚಲು ಮಣ್ಣಿನ ರಂಜಕ ಹೀರಿಕೊಳ್ಳಲು ಇರುವಂಥದ್ದು. ಮೆಣಸಿನ ಬಳ್ಳಿ ಹಬ್ಬಿಸಲು, ಮುಂದೆ ಮರ ಮಾರಲು ಇಟ್ಟುಕೊಳ್ಳಿ, ಬೇಡ ಅನ್ನುವುದಿಲ್ಲ. ಹಾಲುವಾಣವನ್ನೆಲ್ಲ ತೆಗೆದು ಬರೀ ಸಿಲ್ವರ್ ನೆಟ್ಟು, ಆಮೇಲೆ ಗೊಬ್ಬರದ ಬಿಲ್ಲು ಹಿಡಿದುಕೊಂಡು ನನ್ನ ಹತ್ತಿರ ಬರಬೇಡಿ.