ಅಸಿಟ್ರಾಮ್ ತಗೊಳ್ಳುವವರ ಮನೆಯಲ್ಲಿ ಸೊಪ್ಪು

"ಅಮ್ಮಂಗೆ ಸೊಪ್ಪು ಮುಟ್ಟೋಕೂ ಬಿಡ್ತಿಲ್ಲ ಮೇಡಂ." ಹೃದಯದ ಕವಾಟ ಬದಲಾಯಿಸಿಕೊಂಡು, ರಕ್ತ ಹೆಪ್ಪುಗಟ್ಟದಿರಲೆಂದು ಅಸಿಟ್ರಾಮ್ ಅಥವಾ ವಾರ್ಫರಿನ್ ಮಾತ್ರೆ ತಗೊಳ್ಳುವವರ ಮನೆಮಂದಿ ಇದನ್ನು ಅಭಿಮಾನದಿಂದ ಹೇಳುತ್ತಾರೆ. ಅವರ ಕಾಳಜಿ ದೊಡ್ಡದು, ಆದರೆ ಪಥ್ಯ ತಪ್ಪು. ವೈದ್ಯರು ಹೇಳಿದ್ದು "ಸೊಪ್ಪಿನಲ್ಲಿ ಜೋಪಾನ" ಎಂದು. ಮನೆ ಸೇರುವಷ್ಟರಲ್ಲಿ ಅದು "ಸೊಪ್ಪು ಬೇಡವೇ ಬೇಡ" ಎಂದಾಗಿರುತ್ತದೆ. ಬಸ್ಸಾರು, ಮಸ್ಸೊಪ್ಪು, ಉಪ್ಸಾರು ಇಲ್ಲದೆ ವಾರ ಕಳೆಯದ ಬೆಂಗಳೂರಿನ ಮನೆಗಳಲ್ಲಿ ಇದು ಎಷ್ಟು ದಿನ ನಡೆದೀತು? ಎರಡು ತಿಂಗಳು ಬಾಯಿ ಕಟ್ಟಿ, ಹಬ್ಬಕ್ಕೆ ಊರಿಗೆ ಹೋದವರು ವಾರವಿಡೀ ಸೊಪ್ಪು ತಿಂದು ಬರುತ್ತಾರೆ. ರಕ್ತ ಪರೀಕ್ಷೆಯ ಫಲ, ಡೋಸ್ ಬರೆದಿಡುವ ಪುಸ್ತಕದಲ್ಲಿ 2.8, 2.9, 2.7 ಎಂದಿದ್ದ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ತೋರಿಸುವ ಐಎನ್‌ಆರ್ 1.5ಕ್ಕೆ ಇಳಿದಿರುತ್ತದೆ, ಅಂದರೆ ರಕ್ತ ಬೇಗ ಹೆಪ್ಪುಗಟ್ಟತೊಡಗಿರುತ್ತದೆ.

ಈ ಮಾತ್ರೆ ರಕ್ತವನ್ನು ನೀರು ಮಾಡುವುದಿಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ಅಂಶಗಳನ್ನು ಲಿವರ್ ವಿಟಮಿನ್ ಕೆ ಬಳಸಿ ತಯಾರಿಸುತ್ತದೆ. ಮಾತ್ರೆ ಆ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ಸೊಪ್ಪಿನಲ್ಲಿ ವಿಟಮಿನ್ ಕೆ ಧಾರಾಳ. ಐಎನ್‌ಆರ್ ನೋಡಿ ವೈದ್ಯರು ಗೊತ್ತುಮಾಡುವ ಡೋಸ್ ಆ ವಾರಗಳಲ್ಲಿ ನೀವು ಉಂಡ ಊಟಕ್ಕೆ ಹೊಂದಿಸಿದ ಡೋಸ್. ಸೊಪ್ಪು ಬಿಟ್ಟು ಪರೀಕ್ಷೆ ಮಾಡಿಸಿದ್ದರೆ ಸೊಪ್ಪಿಲ್ಲದ ಊಟದ ಡೋಸ್ ಸಿಗುತ್ತದೆ, ಒಂದು ವಾರದ ಬಸ್ಸಾರು ಅದನ್ನು ಕೆಡಿಸುತ್ತದೆ. ತಿನ್ನುತ್ತಲೇ ಹೊಂದಿಸಿಕೊಂಡಿದ್ದರೆ ಅದೇ ಬಸ್ಸಾರಿನಿಂದ ಏನೂ ಆಗುವುದಿಲ್ಲ. ಅದಕ್ಕೇ ಹೇಳುತ್ತೇನೆ: ಸೊಪ್ಪು ತಿನ್ನಿ, ಆದರೆ ಪ್ರತಿ ವಾರವೂ ಹೆಚ್ಚುಕಡಿಮೆ ಅಷ್ಟೇ ತಿನ್ನಿ.

ಅಳತೆಯನ್ನು ಕಟ್ಟಿನ ಲೆಕ್ಕದಲ್ಲಿ ಇಡಬೇಡಿ. ಕೆ.ಆರ್. ಮಾರುಕಟ್ಟೆಯ ಕಟ್ಟಿಗೂ ಮನೆ ಮುಂದೆ ಬರುವ ಗಾಡಿಯ ಕಟ್ಟಿಗೂ ಹೋಲಿಕೆಯಿಲ್ಲ. ಬೆಂದ ಸೊಪ್ಪನ್ನು ಒಂದೇ ಬಟ್ಟಲಲ್ಲಿ ಅಳೆಯಿರಿ. ಅರ್ಧ ಬಟ್ಟಲಿನಂತೆ ವಾರಕ್ಕೆ ಮೂರು ದಿನ ಎಂದಿಟ್ಟುಕೊಂಡರೆ ನಡೆಸಿಕೊಂಡು ಹೋಗುವುದು ಸುಲಭ. ಈಗ ಸೊಪ್ಪು ಪೂರ್ತಿ ಬಿಟ್ಟಿರುವವರು ಇದನ್ನು ಓದಿ ನಾಳೆಯೇ ಶುರು ಮಾಡಬೇಡಿ. ವೈದ್ಯರಿಗೆ ತಿಳಿಸಿ ಶುರು ಮಾಡಿ, ಅವರು ಹೇಳಿದ ದಿನ ಐಎನ್‌ಆರ್ ಮಾಡಿಸಿ. ಬಸ್ಸಾರಿಗೆ ನೀರು ಬಸಿದರೆ ವಿಟಮಿನ್ ಕೆ ಹೋಗುತ್ತದೆ ಎಂದು ಕೆಲವರು ನಂಬಿದ್ದಾರೆ. ಅದು ನೀರಿನಲ್ಲಿ ಕರಗುವ ವಿಟಮಿನ್ ಅಲ್ಲ, ಬಹುಪಾಲು ಪಲ್ಯದಲ್ಲೇ ಉಳಿಯುತ್ತದೆ. ಒಗ್ಗರಣೆಯ ಕರಿಬೇವು, ಮೇಲೆ ಉದುರಿಸುವ ಕೊತ್ತಂಬರಿಗೆ ತಲೆ ಕೆಡಿಸಿಕೊಳ್ಳಬೇಡಿ. ವಾಕಿಂಗ್ ಮುಗಿಸಿ ಪಾರ್ಕ್ ಗೇಟಿನಲ್ಲಿ ಕುಡಿಯುವ ಹಸಿರು ಜ್ಯೂಸ್ ಮಾತ್ರ ಬೇಡ. ಅದರಲ್ಲಿ ಯಾವ ಎಲೆ ಎಷ್ಟಿದೆ ಎಂದು ಯಾರೂ ಅಳೆದಿರುವುದಿಲ್ಲ.

ಉಲ್ಟಾ ಆಗುವುದೂ ಉಂಟು. ಜ್ವರ ಬಂದು ನಾಲ್ಕು ದಿನ ಗಂಜಿ ಕುಡಿದರೆ, ಜೊತೆಗೆ ಕೆಲವು ಆಂಟಿಬಯಾಟಿಕ್‌ಗಳು ಸೇರಿದರೆ, ಐಎನ್‌ಆರ್ ಮೇಲೇರಿ ರಕ್ತಸ್ರಾವವಾಗಬಹುದು. ಮೆಟ್ರೊನಿಡಜೋಲ್ ಇದಕ್ಕೆ ಹೆಸರುವಾಸಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಹೊಟ್ಟೆಯೊಳಗೆ ರಕ್ತ ಸೋರಿಸಬಲ್ಲವು. ಯಾವ ಹೊಸ ಮಾತ್ರೆಯಾಗಲಿ, ಕಷಾಯವಾಗಲಿ, ಮೊದಲು ಪುಸ್ತಕ ತೋರಿಸಿ.

ಮಾತ್ರೆಯನ್ನು ಸಂಜೆ ಒಂದೇ ಹೊತ್ತಿಗೆ ತಗೊಳ್ಳಿ. ಬೆಳಿಗ್ಗೆ ರಕ್ತ ಕೊಟ್ಟರೆ ವರದಿ ನೋಡಿ ಅಂದಿನ ಡೋಸನ್ನೇ ಬದಲಿಸಬಹುದು. ಮರೆತದ್ದು ಅದೇ ರಾತ್ರಿ ನೆನಪಾದರೆ ತಗೊಳ್ಳಿ. ಮರುದಿನ ಎರಡು ನುಂಗಬೇಡಿ. "ಅರ್ಧ ಮಾತ್ರೆ" ಎಂಬ ಲೆಕ್ಕವನ್ನೇ ಬಿಡಿ. ಅಸಿಟ್ರಾಮ್ 1, 2, 4 ಹೀಗೆ ಬೇರೆ ಬೇರೆ ಮಿಲಿಗ್ರಾಂಗಳಲ್ಲಿ ಬರುತ್ತದೆ. ಅಂಗಡಿಯವರು 2ರ ಬದಲು 4ರ ಸ್ಟ್ರಿಪ್ ಕೊಟ್ಟರೆ ನಿಮ್ಮ ಅರ್ಧ ಎರಡರಷ್ಟಾಗುತ್ತದೆ. ಪುಸ್ತಕದಲ್ಲಿ ಮಿಲಿಗ್ರಾಂ ಬರೆಸಿಕೊಳ್ಳಿ.

ರಕ್ತ ಹೆಪ್ಪುಗಟ್ಟದಂತೆ ಕೊಡುವ ಬೇರೆ ಬಗೆಯ ಮಾತ್ರೆಗಳಾದ ಅಪಿಕ್ಸಬಾನ್, ರಿವರೊಕ್ಸಬಾನ್ ತಗೊಳ್ಳುವವರಿಗೆ ಸೊಪ್ಪಿನ ಈ ಲೆಕ್ಕ ಬೇಕಿಲ್ಲ. ಹಾಗೆಂದು ಲೋಹದ ಕವಾಟವಿರುವವರು ಅವಕ್ಕೆ ಬದಲಾಯಿಸಿಕೊಳ್ಳುವಂತಿಲ್ಲ. ಮಗು ಬಯಸುವ ಹೆಣ್ಣುಮಕ್ಕಳು ಗರ್ಭ ನಿಲ್ಲುವ ಮೊದಲೇ ವೈದ್ಯರ ಹತ್ತಿರ ಮಾತಾಡಿ, ಅಸಿಟ್ರಾಮ್, ವಾರ್ಫರಿನ್ ಭ್ರೂಣಕ್ಕೆ ಹಾನಿ ಮಾಡಬಲ್ಲವು.

ಕಪ್ಪು ಮಲ, ನಿಲ್ಲದ ವಸಡಿನ ರಕ್ತ ಕಂಡರೆ ಕಾಯಬೇಡಿ. ಲೋಹದ ಕವಾಟದ ಟಿಕ್ ಟಿಕ್ ಸದ್ದು ರಾತ್ರಿಯ ನಿಶ್ಶಬ್ದದಲ್ಲಿ ಎಷ್ಟೋ ಜನರಿಗೆ ಕೇಳಿಸುತ್ತಿರುತ್ತದೆ. ಆ ಸದ್ದು ಮಂದವಾದರೆ, ಉಸಿರು ಕಟ್ಟಿದಂತಾದರೆ, ಕೈಕಾಲು ಸೋತರೆ, ಬೆಳಗಾಗಲಿ ಎನ್ನದೆ ಆಗಲೇ ಆಸ್ಪತ್ರೆಗೆ ಹೊರಡಿ, ಪುಸ್ತಕ ಜೊತೆಗಿರಲಿ.