ಲಾಭ ಇದ್ದರೂ ಗಲ್ಲಾ ಖಾಲಿ ಯಾಕೆ? ಮಂಡ್ಯದ ಬೆಲ್ಲದ ಪುಡಿಯ ಲೆಕ್ಕದಲ್ಲಿ ಸಣ್ಣ ಉದ್ದಿಮೆಯ ಪಾಠ

ಸಣ್ಣ ಉದ್ದಿಮೆಯ ಪಾಠ ಓದುವಾಗ ನಮ್ಮ ಗಮನವೆಲ್ಲ ಮೊದಲ ಬಂಡವಾಳ ಮತ್ತು ಲಾಭದ ಕಡೆಗೇ ಹೋಗುತ್ತದೆ. ಮೆಷಿನ್ನಿಗೆ ಎಷ್ಟು, ಕಿಲೋಗೆ ಎಷ್ಟು ಉಳಿಯುತ್ತೆ, ಅಷ್ಟು ಗೊತ್ತಾದರೆ ಸಾಕು ಅಂತ ಅನ್ನಿಸುತ್ತೆ. ಆದರೆ ಲಾಭ ಮಾಡುತ್ತಿರುವ ಘಟಕವೂ ನಾಳೆ ಮಾಲು ತರಲು ದುಡ್ಡಿಲ್ಲದೆ ಬಾಗಿಲು ಹಾಕಬಹುದು. ಇದು ಹೇಗೆ ಆಗುತ್ತೆ ಅನ್ನುವುದು ಅರ್ಥವಾದರೆ ಸಾಲ, ಸಬ್ಸಿಡಿ, ನೋಂದಣಿ ಎಲ್ಲವೂ ಯಾಕೆ ಬೇಕು ಅನ್ನುವುದು ತಾನಾಗಿ ತಿಳಿಯುತ್ತದೆ. ಅದಕ್ಕೇ ಈ ಟಿಪ್ಪಣಿಯಲ್ಲಿ ಜಾಸ್ತಿ ಜಾಗ ಅದಕ್ಕೇ ಕೊಟ್ಟಿದ್ದೇನೆ.

ಉದಾಹರಣೆಗೆ ಮಂಡ್ಯದ ಬೆಲ್ಲವನ್ನೇ ತೆಗೆದುಕೊಳ್ಳೋಣ. ಸರ್ಕಾರದ 'ಒಂದು ಜಿಲ್ಲೆ ಒಂದು ಉತ್ಪನ್ನ' ಪಟ್ಟಿಯಲ್ಲಿ ಮಂಡ್ಯಕ್ಕೆ ಸಿಕ್ಕಿರುವುದೂ ಬೆಲ್ಲವೇ. ಮದ್ದೂರು ಕಡೆಯ ಒಬ್ಬ ಅಕ್ಕ ಆಲೆಮನೆಯಿಂದ ಬೆಲ್ಲ ಕೊಂಡು, ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದು, ಪೊಟ್ಟಣ ಕಟ್ಟಿ ಅಂಗಡಿಗಳಿಗೆ ಹಾಕುತ್ತಾರೆ ಅಂದುಕೊಳ್ಳಿ. ಕೆಳಗಿನ ಅಂಕಿಗಳೆಲ್ಲ ಲೆಕ್ಕ ಕಲಿಯಲು ನಾನು ಇಟ್ಟುಕೊಂಡವು. ನಿಮ್ಮ ಊರಿನ ದರ ಹಾಕಿ ಮತ್ತೆ ಮಾಡಿ ನೋಡಿ.

ಅಸಲು ಎಷ್ಟು?

ಅಕ್ಕ ತಿಂಗಳಿಗೆ 1,000 ಕಿಲೋ ಬೆಲ್ಲವನ್ನು 48 ರೂಪಾಯಿಯಂತೆ ಕೊಳ್ಳುತ್ತಾರೆ. 48,000 ಆಯಿತು. ಒಣಗುವಾಗ, ಜರಡಿ ಹಿಡಿಯುವಾಗ ನೂರಕ್ಕೆ ಐದು ಹೋಗಿ 950 ಕಿಲೋ ಪುಡಿ ಸಿಗುತ್ತದೆ. ಕವರ್, ಲೇಬಲ್, ರಟ್ಟಿನ ಪೆಟ್ಟಿಗೆಗೆ ಕಿಲೋಗೆ 5 ರೂಪಾಯಿಯಂತೆ 4,750. ಗಾಡಿ ಬಾಡಿಗೆ 5,000. ಇಬ್ಬರು ಹೆಂಗಸರಿಗೆ ಕೂಲಿ 20,000. ಮನೆ ಬಾಡಿಗೆ, ಕರೆಂಟು ಸೇರಿ 6,000.

ಇಲ್ಲಿ ನಮ್ಮಲ್ಲಿ ಹೆಚ್ಚಿನವರು ಲೆಕ್ಕ ನಿಲ್ಲಿಸಿಬಿಡುತ್ತೇವೆ. ಕೆಲವರು ಇನ್ನೂ ಮುಂಚೆಯೇ, ಬೆಲ್ಲ ಮತ್ತು ಕವರಿನ ದುಡ್ಡು ಮಾತ್ರ ಹಿಡಿದು "ಕಿಲೋಗೆ 56 ಬೀಳುತ್ತೆ, 80ಕ್ಕೆ ಕೊಟ್ಟರೆ 24 ಉಳೀತು" ಅನ್ನುತ್ತಾರೆ. ಬೆಳಗಿನಿಂದ ಸಂಜೆವರೆಗೆ ನಿಂತು ದುಡಿದ ಅಕ್ಕನ ಕೂಲಿ ಎಲ್ಲಿ ಹೋಯಿತು? ಅವರೇ ಇನ್ನೊಬ್ಬರ ಘಟಕಕ್ಕೆ ಹೋಗಿದ್ದರೆ ಕೂಲಿ ಬರುತ್ತಿತ್ತು ಅಲ್ವಾ? ಆ ಕೂಲಿಯನ್ನು ಲಾಭ ಅಂತ ಕರೆಯಬಾರದು. 12,000 ಅಂತ ಹಿಡಿಯೋಣ. ಒಟ್ಟು ಖರ್ಚು 95,750. ಅದನ್ನು 950ರಿಂದ ಭಾಗಿಸಿದರೆ ಕಿಲೋಗೆ ಸುಮಾರು 101 ರೂಪಾಯಿ. 80ಕ್ಕೆ ಮಾರಿದರೆ ಪ್ರತಿ ಕಿಲೋಗೂ 21 ರೂಪಾಯಿ ಕೈಯಿಂದ ಹೋಗುತ್ತಿರುತ್ತದೆ. ಅಕ್ಕ ಅಂಗಡಿಗೆ 110ಕ್ಕೆ ಹಾಕಿದರೆ 1,04,500 ಬರುತ್ತದೆ, ತಿಂಗಳಿಗೆ 8,750 ಉಳಿಯುತ್ತದೆ.

ಎಷ್ಟು ಮಾರಿದರೆ ಗಿಟ್ಟುತ್ತೆ?

ಖರ್ಚನ್ನು ಎರಡು ಭಾಗ ಮಾಡಿ. ಮಾರಲಿ ಬಿಡಲಿ ಆಗುವ ಖರ್ಚು ಒಂದು: ಕೂಲಿ, ಬಾಡಿಗೆ, ಅಕ್ಕನ ಸ್ವಂತ ಕೂಲಿ ಸೇರಿ 38,000. ಮಾಲಿನ ಜೊತೆ ಏರುವ ಇಳಿಯುವ ಖರ್ಚು ಇನ್ನೊಂದು: ಬೆಲ್ಲ, ಕವರ್, ಗಾಡಿ ಸೇರಿ ಕಿಲೋಗೆ 61. 110ರಲ್ಲಿ 61 ಕಳೆದರೆ 49. 38,000ವನ್ನು 49ರಿಂದ ಭಾಗಿಸಿ. ಸುಮಾರು 776 ಕಿಲೋ. ತಿಂಗಳಲ್ಲಿ ಅಷ್ಟು ಮಾರಾಟವಾಗುವವರೆಗೆ ಲಾಭದ ಮಾತೇ ಇಲ್ಲ. ಹೊಸದಾಗಿ ಶುರು ಮಾಡುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನನ್ನ ಸುತ್ತಲ ಅಂಗಡಿಗಳು ಇಷ್ಟು ಮಾಲು ಎತ್ತುತ್ತವೆಯಾ?

ದುಡ್ಡು ಎಲ್ಲಿ ಸಿಕ್ಕಿಕೊಂಡಿದೆ?

ಈಗ ಪಾಠದ ಮುಖ್ಯ ಭಾಗ. ಆಲೆಮನೆಯವರಿಗೆ ಬೆಲ್ಲ ಎತ್ತಿದ ದಿನವೇ ದುಡ್ಡು ಎಣಿಸಬೇಕು. ಬೆಲ್ಲ ಒಣಗಿ, ಪುಡಿಯಾಗಿ, ಪೊಟ್ಟಣವಾಗಿ, ಅಂಗಡಿಗೆ ಹೋಗುವಷ್ಟರಲ್ಲಿ 15 ದಿನ. ಅಂಗಡಿಯವರು ದುಡ್ಡು ಕೊಡುವುದು 45 ದಿನಕ್ಕೆ. "ಮುಂದಿನ ವಾರ ಬನ್ನಿ ಅಕ್ಕ, ಮಾಲು ಇನ್ನೂ ಹಂಗೇ ಇದೆ" ಅನ್ನುವ ಮಾತು ಕೇಳದ ಸಣ್ಣ ತಯಾರಕರು ಕಡಿಮೆ. ಹೋದ ದುಡ್ಡು ತಿರುಗಿ ಬರಲು 60 ದಿನ. ಅಂದರೆ ಎರಡು ತಿಂಗಳ ಖರ್ಚು, ಸುಮಾರು 1,91,500 ರೂಪಾಯಿ, ಯಾವಾಗಲೂ ಹೊರಗೇ ಇರುತ್ತದೆ. ಪುಸ್ತಕದಲ್ಲಿ ಇದನ್ನು ದುಡಿಯುವ ಬಂಡವಾಳ ಅನ್ನುತ್ತಾರೆ, ಅಂಗಡಿ ಬೀದಿಯಲ್ಲಿ ರೊಟೇಷನ್ ದುಡ್ಡು. ಮೆಷಿನ್ನಿಗೆ ಇರುವ ದುಡ್ಡನ್ನೆಲ್ಲ ಸುರಿದು, ರೊಟೇಷನ್ನಿಗೆ ಏನೂ ಇಟ್ಟುಕೊಳ್ಳದೆ ಶುರು ಮಾಡಿದ ಘಟಕ ಎರಡನೇ ತಿಂಗಳಿಗೇ ಕೈಸಾಲಕ್ಕೆ ಓಡುತ್ತದೆ.

ಬೆಳೆಯುವಾಗ ಇದು ಇನ್ನೂ ಬಿಗಿಯಾಗುತ್ತದೆ. ಸಂಕ್ರಾಂತಿಗೆ ಎಳ್ಳು-ಬೆಲ್ಲದ ಕಾಲ. ಡಿಸೆಂಬರ್‌ನಲ್ಲಿ ಮೈಸೂರಿನ ಒಬ್ಬ ಸಗಟು ವ್ಯಾಪಾರಿ ಎರಡರಷ್ಟು ಮಾಲು ಕೇಳಿದರು ಅಂದುಕೊಳ್ಳಿ. ಅಕ್ಕ ಇನ್ನೊಬ್ಬರನ್ನು 10,000ಕ್ಕೆ ಕೆಲಸಕ್ಕೆ ಸೇರಿಸಿಕೊಂಡು 1,900 ಕಿಲೋ ಮಾಡುತ್ತಾರೆ. ತಿಂಗಳ ಖರ್ಚು 1,63,500. ಮಾರಾಟ 2,09,000. ಉಳಿಯುವುದು 45,500! ಮೊದಲಿನ 8,750ಕ್ಕೆ ಹೋಲಿಸಿ ನೋಡಿ, ಯಾರಿಗೆ ತಾನೇ ಬೇಡ ಅನ್ನಿಸುತ್ತೆ? ಆದರೆ ಈ ಮಟ್ಟದಲ್ಲೇ ನಡೆಸುತ್ತ ಹೋದರೆ ಎರಡು ತಿಂಗಳ ಲೆಕ್ಕದಲ್ಲಿ ಹೊರಗೆ ಇರಬೇಕಾದ ದುಡ್ಡು 3,27,000. ಮೊದಲಿಗಿಂತ 1,35,500 ಜಾಸ್ತಿ. ಆ ದುಡ್ಡು ಡಿಸೆಂಬರ್‌ನಲ್ಲೇ ಬೇಕು. ಲಾಭ ಕೈಗೆ ಬರುವುದು ಹಬ್ಬ ಕಳೆದ ಮೇಲೆ. ದೊಡ್ಡ ಆರ್ಡರ್ ಬಂದಾಗ ಖುಷಿಯ ಜೊತೆಗೆ ಈ ಲೆಕ್ಕವನ್ನೂ ಅದೇ ದಿನ ಕೂತು ಹಾಕಬೇಕು. ದುಡ್ಡು ಹೊಂದದಿದ್ದರೆ ಅರ್ಧ ಮುಂಗಡ ಕೇಳಬಹುದು, ಅಥವಾ ಅರ್ಧ ಮಾಲು ಮಾತ್ರ ಒಪ್ಪಿಕೊಳ್ಳಬಹುದು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ದಿನಗಳನ್ನು ಕಡಿಮೆ ಮಾಡುವುದು ಸಾಲ ತರುವುದಕ್ಕಿಂತ ಅಗ್ಗ. ಮೊದಲಿನ ಮಟ್ಟದಲ್ಲಿ ಅಂಗಡಿಯವರು 45ರ ಬದಲು 30 ದಿನಕ್ಕೆ ಕೊಟ್ಟರೆ ಸುಮಾರು 48,000 ರೂಪಾಯಿ ಬಡ್ಡಿಯಿಲ್ಲದೆ ಅಕ್ಕನ ಕೈಗೆ ವಾಪಸ್ ಬರುತ್ತದೆ. ಮಾಲು ಮನೆಯಲ್ಲಿ ಕೂರುವ ದಿನವೂ ಇಳಿಯಬೇಕು. ಮಳೆಗಾಲದಲ್ಲಿ ಇದು ಬರೀ ದುಡ್ಡಿನ ಮಾತಲ್ಲ. ತೇವದ ಗಾಳಿಗೆ ಬೆಲ್ಲ ನೀರು ಬಿಡುತ್ತದೆ, ಪುಡಿ ಗಂಟು ಕಟ್ಟುತ್ತದೆ. ಕವರಿನ ಮೂಲೆ ಹಿಡಿದು ಅಲ್ಲಾಡಿಸಿದಾಗ ಪುಡಿ ಸರ್ರನೆ ಜಾರಬೇಕು. ಹೆಂಟೆಯಾಗಿ ಉರುಳಿದರೆ ಗಿರಾಕಿ ಅದನ್ನು ಅಲ್ಲೇ ಇಟ್ಟು ಪಕ್ಕದ ಪೊಟ್ಟಣ ಎತ್ತಿಕೊಳ್ಳುತ್ತಾರೆ. ಹಾಗಾಗಿ ಆಷಾಢ ಶ್ರಾವಣದಲ್ಲಿ ಕಡಿಮೆ ಕೊಂಡು ಬೇಗ ಸಾಗಿಸುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ, ದರ ಇಳಿದಿದೆ ಅಂತ ರಾಶಿ ಹಾಕಿಕೊಳ್ಳುವ ಆಸೆ ಎಷ್ಟೇ ಇದ್ದರೂ.

ಇದಕ್ಕೆ ಒಂದು ನೋಟ್ ಪುಸ್ತಕ ಸಾಕು. ಅಂಗಡಿ ಹೆಸರು, ಬಿಲ್ ನಂಬರ್, ಮಾಲು ಕೊಟ್ಟ ದಿನ, ಮೊತ್ತ, ದುಡ್ಡು ಬರಬೇಕಾದ ದಿನ, ಬಂದ ದಿನ. ಕೊನೆಯ ಎರಡು ಕಾಲಂಗಳ ನಡುವಿನ ಅಂತರವನ್ನು ವಾರಕ್ಕೊಮ್ಮೆ ನೋಡಿ. ಯಾವ ಅಂಗಡಿಗೆ ಮಾಲು ಜಾಸ್ತಿ ಹೋಗುತ್ತೆ ಅನ್ನುವುದಕ್ಕಿಂತ ಯಾವ ಅಂಗಡಿ ಹೇಳಿದ ದಿನಕ್ಕೆ ಕೊಡುತ್ತೆ ಅನ್ನುವುದು ಮುಖ್ಯ.

ಕಾನೂನು ಸಣ್ಣವರ ಕಡೆ ಇದೆ

ಇದನ್ನು ನಮ್ಮಲ್ಲಿ ಬಹಳ ಜನ ಓದಿಯೇ ಇರುವುದಿಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಘಟಕದಿಂದ ಮಾಲು ಕೊಂಡವರು ಬರಹದಲ್ಲಿ ಒಪ್ಪಿದ ದಿನದೊಳಗೆ ದುಡ್ಡು ಕೊಡಬೇಕು. ಆ ಗಡುವು 45 ದಿನ ಮೀರುವಂತಿಲ್ಲ. ಬರಹದ ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಇದಕ್ಕೆ ಹಲ್ಲು ಬಂದಿದೆ. ಗಡುವು ಮೀರಿದ ಬಾಕಿಯನ್ನು ಕೊಂಡವರು ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚು ಅಂತ ತೋರಿಸಬಹುದು.

ಈ ರಕ್ಷಣೆ ಬೇಕಾದರೆ ಉದ್ಯಮ್, ಅಂದರೆ ಸಣ್ಣ ಘಟಕಗಳ ಸರ್ಕಾರಿ ನೋಂದಣಿ, ಮಾಡಿಸಿರಬೇಕು. 2020ರ ಜುಲೈ 1ರಿಂದ ಇದು ಜಾರಿಯಲ್ಲಿದೆ. ಆಧಾರ್, ಪ್ಯಾನ್ ನಂಬರ್ ಸಾಕು, ಸರ್ಕಾರದ ಜಾಲತಾಣದಲ್ಲಿ ಪೂರ್ತಿ ಉಚಿತ. ದುಡ್ಡು ಕೇಳುವ ಮಧ್ಯವರ್ತಿಗಳ ಕೈಗೆ ಸಿಗಬೇಡಿ. ಮಾಲು ಕೊಡುವ ಮೊದಲೇ ನೋಂದಣಿ ಆಗಿರಲಿ. ಬರೀ ಕೊಂಡು ಮಾರುವ ವ್ಯಾಪಾರಿಗಳೂ ಉದ್ಯಮ್ ಮಾಡಿಸಬಹುದು, ಆದರೆ ಅವರಿಗೆ ಸಿಗುವುದು ಆದ್ಯತಾ ವಲಯದ ಸಾಲದ (ಬ್ಯಾಂಕುಗಳು ಕೆಲವು ಕ್ಷೇತ್ರಗಳಿಗೆ ಕೊಡಲೇಬೇಕಾದ ಸಾಲದ) ಅನುಕೂಲ ಮಾತ್ರ. 45 ದಿನದ ನಿಯಮ ತಯಾರಕರಿಗೆ ಮತ್ತು ಸೇವೆ ಕೊಡುವವರಿಗೆ.

ದಿನಾ ಮುಖ ನೋಡುವ ಅಂಗಡಿಯವರ ಮೇಲೆ ದೂರು ಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ, ಸರಿ. ಕಾಯ್ದೆಯ ನಿಜವಾದ ಉಪಯೋಗ ಜಗಳಕ್ಕೆ ಮೊದಲೇ ಇದೆ. ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಅಚ್ಚು ಹಾಕಿಸಿ, "ದುಡ್ಡು ಕೊಡಬೇಕಾದ ದಿನ" ಅಂತ ತಾರೀಖು ಬರೆದು, ಸಹಿ ಹಾಕಿಸಿಕೊಳ್ಳಿ.

ಸಾಲ, ಸಬ್ಸಿಡಿ

ಮೆಷಿನ್ನಿಗೆ ಕಂತಿನಲ್ಲಿ ತೀರಿಸುವ ಅವಧಿ ಸಾಲ, ರೊಟೇಷನ್ನಿಗೆ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲ. ಇವೆರಡನ್ನು ಬೆರೆಸಬೇಡಿ. ಸಿಸಿಯಲ್ಲಿ ಎತ್ತಿದಷ್ಟಕ್ಕೆ, ಇಟ್ಟುಕೊಂಡ ದಿನಕ್ಕೆ ಮಾತ್ರ ಬಡ್ಡಿ. ಬ್ಯಾಂಕಿಗೆ ಹೋದಾಗ "ಎರಡು ಲಕ್ಷ ಕೊಡಿ" ಅನ್ನುವ ಬದಲು ಮೇಲಿನ 60 ದಿನದ ಲೆಕ್ಕ ಒಂದು ಹಾಳೆಯಲ್ಲಿ ಬರೆದು ಮ್ಯಾನೇಜರ್ ಮುಂದೆ ಇಡಿ. ಮಾತು ಬೇರೆಯೇ ಆಗುತ್ತದೆ. 2015ರಲ್ಲಿ ಶುರುವಾದ ಮುದ್ರಾ ಯೋಜನೆಯಲ್ಲಿ ಶಿಶು 50,000ದವರೆಗೆ, ಕಿಶೋರ 5 ಲಕ್ಷದವರೆಗೆ, ತರುಣ 10 ಲಕ್ಷದವರೆಗೆ. ತರುಣ ಸಾಲ ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೂ ಇದೆ. ಅಡಮಾನ ಬೇಡ.

ಸಬ್ಸಿಡಿ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ತುಂಬ ಹರಡಿದೆ. ಹೊಸ ಘಟಕ ಶುರು ಮಾಡುವವರಿಗೆ ಕೇಂದ್ರ ಸರ್ಕಾರದ ಪಿಎಂಇಜಿಪಿ ಯೋಜನೆಯಲ್ಲಿ ಹಳ್ಳಿಯ ಮಹಿಳೆಗೆ ಯೋಜನಾ ವೆಚ್ಚದ ಶೇಕಡ 35 ಸಬ್ಸಿಡಿ, ಸ್ವಂತ ಪಾಲು ಶೇಕಡ 5. 5 ಲಕ್ಷದ ಘಟಕವಾದರೆ ಸಬ್ಸಿಡಿ 1,75,000, ಸ್ವಂತ ಪಾಲು 25,000. ಆ 1,75,000 ಕೈಗೆ ಬರುವ ನಗದು ಅಲ್ಲ. ಅದು ಬ್ಯಾಂಕಿನಲ್ಲಿ ಮೂರು ವರ್ಷ ಠೇವಣಿಯಾಗಿ ಇರುತ್ತದೆ, ಘಟಕ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ವಜಾ ಆಗುತ್ತದೆ. ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಬೀಳುವುದಿಲ್ಲ ಅನ್ನುವುದೇ ಆ ಮೂರು ವರ್ಷದ ಲಾಭ. ಸಬ್ಸಿಡಿ ಬಂದ ಮೇಲೆ ಬೆಲ್ಲ ಕೊಳ್ಳುತ್ತೇನೆ ಅಂತ ಯೋಜನೆ ಹಾಕಿಕೊಂಡರೆ ಕೆಲಸ ಕೆಡುತ್ತದೆ. ಆಹಾರ ಸಂಸ್ಕರಣೆಗೇ ಇರುವ ಪಿಎಂಎಫ್‌ಎಂಇ ಯೋಜನೆಯನ್ನೂ ನೋಡಿ. ಅರ್ಜಿ ಹಾಕುವ ಮೊದಲು ಜಿಲ್ಲಾ ಕೈಗಾರಿಕಾ ಕೇಂದ್ರ ಅಥವಾ ಕೃಷಿ ಇಲಾಖೆಯಲ್ಲಿ ಈ ವರ್ಷದ ನಿಯಮ ಕೇಳಿಕೊಳ್ಳಿ.

ತೆರಿಗೆ, ಲೇಬಲ್ಲು

ಇದನ್ನು ಬೇಗ ಮುಗಿಸುತ್ತೇನೆ. ಕರ್ನಾಟಕದಲ್ಲಿ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ, ಸೇವೆಗೆ 20 ಲಕ್ಷ. ನಮ್ಮ ಅಕ್ಕನ ವಹಿವಾಟು ಹನ್ನೆರಡೂವರೆ ಲಕ್ಷ, ಹಾಗಾಗಿ ರಾಜ್ಯದೊಳಗೆ ಮಾರುವವರೆಗೆ ಬೇಡ. ತೆರಿಗೆ ಇರುವ ಸರಕನ್ನು ಕೇರಳಕ್ಕೋ ತಮಿಳುನಾಡಿಗೋ ಕಳಿಸಿದರೆ ಮೊದಲ ರೂಪಾಯಿಂದಲೇ ನೋಂದಣಿ ಬೇಕು. ಬಿಡಿ ಬೆಲ್ಲಕ್ಕೆ ತೆರಿಗೆ ಇಲ್ಲ, ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ್ದಕ್ಕೆ ಶೇಕಡ 5. 2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಾಗ ಎಷ್ಟೋ ಅಂಗಡಿಗಳಲ್ಲಿ "ನಗದು ಮಾತ್ರ" ಅನ್ನುವ ಬೋರ್ಡ್ ಬಂದದ್ದು ನೆನಪಿರಬಹುದು. ಚೀಟಿ ದುಡ್ಡು, ಮಗಳ ಫೀಸು, ವ್ಯಾಪಾರ ಎಲ್ಲ ಒಂದೇ ಖಾತೆಗೆ ಬಂದರೆ ಯಾವುದು ವಹಿವಾಟು ಅಂತ ಬಿಡಿಸಿ ತೋರಿಸುವುದು ಕಷ್ಟ. ವ್ಯಾಪಾರಕ್ಕೆ ಬೇರೆ ಖಾತೆ ಮೊದಲ ದಿನವೇ ತೆರೆಯಿರಿ. ಪೊಟ್ಟಣದ ಮೇಲೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್, ತೂಕ, ಎಂಆರ್‌ಪಿ, ತಯಾರಿಸಿದ ದಿನ, ವಿಳಾಸ ಇರಲೇಬೇಕು.

ಯಾರನ್ನು ಕೇಳಬೇಕು?

ಈ ವಿಷಯದಲ್ಲಿ ನಮ್ಮ ಕಡೆಯವರು ನಿಜಕ್ಕೂ ಅದೃಷ್ಟವಂತರು. ಮೈಸೂರಿನ ಚೆಲುವಾಂಬ ಅರಮನೆಯಲ್ಲಿ 1950ರಿಂದ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಇದೆ. ಆಹಾರ ಒಣಗಿಸುವುದು, ಪ್ಯಾಕ್ ಮಾಡುವುದು, ಕೆಡದಂತೆ ಇಡುವುದು ಇವರ ಕೆಲಸವೇ. ಸಣ್ಣ ಅವಧಿಯ ತರಬೇತಿಗಳೂ ಇವೆ. ಬೆಲ್ಲ, ಕಬ್ಬಿನ ವಿಷಯಕ್ಕೆ ಮಂಡ್ಯದ ವಿ.ಸಿ. ಫಾರಂ ಅನ್ನುವ ಕೃಷಿ ಸಂಶೋಧನಾ ಕೇಂದ್ರ ಇದೆ. ಲೆಕ್ಕ, ಮಾರಾಟ ಕಲಿಯಲು ಮೈಸೂರಿನ ರುಡ್‌ಸೆಟ್ ಸಂಸ್ಥೆ ಊಟ-ವಸತಿ ಸಮೇತ ಉಚಿತ ತರಬೇತಿ ಕೊಡುತ್ತದೆ. ದಸರಾ ವಸ್ತುಪ್ರದರ್ಶನದಲ್ಲಿ ಸಂಘದ ಮೂಲಕ ಮಳಿಗೆ ಸಿಕ್ಕರೆ ಬಿಡಬೇಡಿ. ಅಲ್ಲಿ ದುಡ್ಡು ಕೈಗೆ ಕೈ, ಬಾಕಿಯ ಮಾತೇ ಇಲ್ಲ. ಜೊತೆಗೆ "ಇಷ್ಟು ಕಪ್ಪಗಿದೆಯಲ್ಲ?" ಅಂತ ಕೇಳುವ ಗಿರಾಕಿಗೆ, ಬಣ್ಣ ಬರಲು ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕದ ಬೆಲ್ಲ ಹೀಗೇ ಇರುತ್ತೆ ಅಂತ ಎದುರಿಗೇ ನಿಂತು ಹೇಳಬಹುದು.

ಅಭ್ಯಾಸಕ್ಕೆ ಒಂದು ಲೆಕ್ಕ

ಮೈಸೂರಿನ ಒಂದು ಅಗರಬತ್ತಿ ಘಟಕದ ತಿಂಗಳ ಖರ್ಚು 60,000. ಮಾಲು 20 ದಿನ ಮನೆಯಲ್ಲಿರುತ್ತದೆ, ಅಂಗಡಿಯವರು 40 ದಿನಕ್ಕೆ ದುಡ್ಡು ಕೊಡುತ್ತಾರೆ. ಖರ್ಚಿನಲ್ಲಿ 30,000 ಕಚ್ಚಾ ಮಾಲಿನದು, ಅದನ್ನು ಕೊಡುವವರು 20 ದಿನ ಸಾಲ ಬಿಡುತ್ತಾರೆ. ರೊಟೇಷನ್ನಿಗೆ ಎಷ್ಟು ಬೇಕು? 60 ದಿನಕ್ಕೆ 1,20,000. ಅದರಲ್ಲಿ ಕಚ್ಚಾ ಮಾಲಿನವರ 20 ದಿನದ ಸಾಲ, ಅಂದರೆ 30,000ದ ಮೂರನೇ ಎರಡು ಭಾಗ 20,000 ಕಳೆಯಿರಿ. ಒಂದು ಲಕ್ಷ. ಈಗ ಇದೇ ಘಟಕ ದಸರೆಗೆ ಒಂದೂವರೆ ಪಟ್ಟು ಮಾಲು ಮಾಡಬೇಕು, ಎಲ್ಲ ಖರ್ಚೂ ಒಂದೂವರೆ ಪಟ್ಟಾಗುತ್ತೆ ಅಂದುಕೊಂಡು ನೀವೇ ಮಾಡಿ ನೋಡಿ. ಇನ್ನೂ 50,000 ಬೇಕು ಅಂತ ಬಂದರೆ ಲೆಕ್ಕ ಸರಿ.